ಮುಕ್ತ ತಂತ್ರಾಂಶಗಳಲ್ಲಿ ಅನುಕ್ತ ಅವಲಂಬನೆಗಳು: ‘ಸದ್ಧರ್ಮ’ ಶಬ್ದವನ್ನು ಒರೆಗಲ್ಲಾಗಿಟ್ಟು ಒಂದು ವಿಚಾರ

ಹಳೆಯ ಮುದ್ರಿತ ಗ್ರಂಥಗಳ ಪುಟಗಳನ್ನು ಗಣಕಯಂತ್ರದಿಂದ ಓದಿಸಿ, ಹುಡುಕುವುದಕ್ಕೆ ಒದಗುವ ಪಾಠವನ್ನಾಗಿ ಪರಿವರ್ತಿಸುವ ಕಾರ್ಯವು ಈಗ ಸಾಹಿತ್ಯಸಂಶೋಧಕರ ದಿನಚರ್ಯೆಯೊಳಗೆ ಸೇರಿಹೋಗಿದೆ. ಪದಪ್ರಯೋಗಸೂಚಿ, ಪಾಠಾಂತರಗಳ ಹೋಲಿಕೆ, ನಿಘಂಟಿಗೆ ಉದಾಹರಣೆಗಳ ಸಂಗ್ರಹ ಇವೆಲ್ಲಕ್ಕೂ ಅದೇ ತಳಹದಿಯಾಗಿದೆ. ಈ ಕಾರ್ಯಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಹಲವು ಮುಕ್ತವಾದವು. ಅಂದರೆ ಅವುಗಳ ಮೂಲಪಾಠವನ್ನು ಯಾರು ಬೇಕಾದರೂ ಪಡೆದು, ತಿದ್ದಿ, ತಮ್ಮ ಯಂತ್ರಕ್ಕೆ ತಕ್ಕಂತೆ ಸಿದ್ಧಪಡಿಸಿಕೊಳ್ಳಬಹುದು. ಹೀಗೆ ಸಿದ್ಧಪಡಿಸಿಕೊಳ್ಳುವಾಗ ಎದುರಾಗುವ ಒಂದು ತೊಡಕು, ಮೇಲ್ನೋಟಕ್ಕೆ ಯಂತ್ರವಿದ್ಯೆಯವರಿಗೆ ಮಾತ್ರ ಸಂಬಂಧಿಸಿದಂತೆ ತೋರಿದರೂ, ಕನ್ನಡ ಪಾಠದ ಶುದ್ಧಾಶುದ್ಧಗಳನ್ನು ನೇರವಾಗಿ ತಟ್ಟುವಂಥದಾಗಿದೆ. ತಂತ್ರಾಂಶವು ಯಾವ ಯಾವ ಅನ್ಯಕೃತಿಗಳನ್ನು ಆಶ್ರಯಿಸಿ ನಿಂತಿದೆಯೆಂಬುದನ್ನು ಅದರ ಕರ್ತೃಗಳು ಪೂರ್ತಿಯಾಗಿ ಬರೆದಿಡದಿರುವುದೇ ಆ ತೊಡಕು. ಇದನ್ನು ಅನುಕ್ತ ಅವಲಂಬನೆಯೆಂದು ಕರೆಯೋಣ. ರೋಮನ್ ಲಿಪಿಯ ಭಾಷೆಗಳಲ್ಲಿ ಇದು ಬಹುಮಟ್ಟಿಗೆ ಕೆಲಸವನ್ನು ನಿಲ್ಲಿಸುವ ದೋಷ. ಕನ್ನಡದಲ್ಲಾದರೋ ಕೆಲಸವನ್ನು ನಿಲ್ಲಿಸದೆಯೇ ಅಕ್ಷರವನ್ನು ಕೆಡಿಸುವ ದೋಷ. ನಿಂತುಹೋದ ಕೆಲಸವು ಎಲ್ಲರ ಕಣ್ಣಿಗೂ ಬೀಳುತ್ತದೆ, ಕೆಟ್ಟ ಅಕ್ಷರವು ಬೀಳುವುದಿಲ್ಲ. ಈ ವ್ಯತ್ಯಾಸವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಕುರಿತು ಕೆಲವು ಮಾತು. ‘ಕಂಪೈಲ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ನಮ್ಮಲ್ಲಿ ‘ಸಂಕಲಿಸು’ ಎಂಬ ಅರ್ಥವು ರೂಢವಾಗಿದೆ. ಪದ್ಯಸಂಕಲನ, ಗದ್ಯಸಂಕಲನ ಎಂಬಲ್ಲಿ ಅದೇ ಅರ್ಥ. ಗಣಕಶಾಸ್ತ್ರದಲ್ಲಿ ಅದರ ಅರ್ಥವು ಬೇರೆ: ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆದ ಮೂಲಪಾಠವನ್ನು ಯಂತ್ರವು ನಡೆಸಬಲ್ಲ ಸಂಕೇತಗಳನ್ನಾಗಿ ಮಾರ್ಪಡಿಸುವುದು. ಹಾಗೆಯೇ ‘ಲೈಬ್ರರಿ’ ಎಂದರೆ ಇಲ್ಲಿ ಪುಸ್ತಕಭಂಡಾರವಲ್ಲ. ಚಿತ್ರದ ಕಡತವನ್ನು ಬಿಚ್ಚುವುದು, ಅಕ್ಷರದ ಆಕಾರವನ್ನು ಬಿಡಿಸುವುದು, ಕಡತವನ್ನು ಅಡಕಗೊಳಿಸುವುದು ಮೊದಲಾಗಿ ಅನೇಕ ತಂತ್ರಾಂಶಗಳಿಗೆ ಸಮಾನವಾಗಿ ಬೇಕಾಗುವ ಕಾರ್ಯಗಳನ್ನು ಒಮ್ಮೆ ಬರೆದು ಒಂದೆಡೆಯಲ್ಲಿ ಇರಿಸಿದ ಸಮುಚ್ಚಯಕ್ಕೆ ಆ ಹೆಸರು. ಹೊಸ ತಂತ್ರಾಂಶವನ್ನು ಬರೆಯುವವನು ಆ ಕಾರ್ಯಗಳನ್ನು ಮತ್ತೆ ಬರೆಯುವುದಿಲ್ಲ. ಅವುಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅಷ್ಟೆ. ಕಂಪೈಲು ಮುಗಿದ ಬಳಿಕ ನಡೆಯುವ ಜೋಡಣೆಯೆಂಬ ಹಂತದಲ್ಲಿ ಈ ಕರೆದ ಹೆಸರುಗಳಿಗೂ ಲೈಬ್ರರಿಗಳಲ್ಲಿರುವ ಕಾರ್ಯಗಳಿಗೂ ಗಂಟು ಬೀಳುತ್ತದೆ. ಲೈಬ್ರರಿಯು ತಾನೂ ಮತ್ತೊಂದು ಲೈಬ್ರರಿಯನ್ನು ಕರೆಯಬಹುದು, ಅದು ಇನ್ನೊಂದನ್ನು.

ವ್ಯಾಕರಣಾಭ್ಯಾಸಿಗಳಿಗೆ ಇದು ಅಪರಿಚಿತವಾದ ಸಂಗತಿಯೇನಲ್ಲ. ಪಾಣಿನೀಯದಲ್ಲಿ ಹಿಂದಿನ ಸೂತ್ರದ ಪದವು ಮುಂದಿನ ಸೂತ್ರಗಳಿಗೆ ಅನುವೃತ್ತಿಯಾಗಿ ಬರುತ್ತದೆ. ಒಂಟಿಯಾಗಿ ಕಿತ್ತು ತೆಗೆದ ಸೂತ್ರಕ್ಕೆ ಅರ್ಥವೇ ಹುಟ್ಟದು. ಆದರೆ ಅನುವೃತ್ತಿಯು ಎಲ್ಲಿಂದ ಎಲ್ಲಿಯ ತನಕ ಎಂಬುದನ್ನು ವ್ಯಾಖ್ಯಾನಪರಂಪರೆಯು ನಿರ್ಣಯಿಸಿ ಇಟ್ಟಿದೆ. ತಂತ್ರಾಂಶಗಳಿಗೆ ಅಂಥ ವ್ಯಾಖ್ಯಾನಪರಂಪರೆಯಿಲ್ಲ. ಮೂಲಪಾಠದೊಂದಿಗೆ ‘ಮೊದಲು ಇದನ್ನು ಓದಿ’ ಎಂಬ ಅರ್ಥದ ಒಂದು ಸಣ್ಣ ಕಡತವನ್ನು ಇಡುವ ವಾಡಿಕೆಯಿದೆ. ಅದರಲ್ಲಿ ಕರ್ತೃವಿಗೆ ನೆನಪಾದಷ್ಟು ಲೈಬ್ರರಿಗಳ ಹೆಸರಿರುತ್ತದೆ. ಮಿಕ್ಕುದನ್ನು ಓದುಗನು ಅಧ್ಯಾಹಾರ ಮಾಡಿಕೊಳ್ಳಬೇಕು.

ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ಕುಂದಾಪುರದ ಸಮೀಪದ ಗುಲ್ವಾಡಿಯ ಹೆಸರನ್ನು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ನಿಲ್ಲಿಸಿದ ಗ್ರಂಥವೊಂದಿದೆ. ಆ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಉಳ್ಳ ಗುಲ್ವಾಡಿ ವೆಂಕಟರಾಯರು (1844–1913) ರಚಿಸಿ, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರಿಂದ ಪ್ರಕಟವಾದ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ ಎಂಬುದೇ ಅದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದನ್ನು ಸಾಮಾನ್ಯವಾಗಿ ಗಣಿಸುತ್ತಾರೆ, 1903ರಲ್ಲಿಯೇ ಎಂ. ಇ. ಕೌಚ್‌ಮನ್ ಅದನ್ನು ಇಂಗ್ಲಿಷಿಗೆ ತಂದರು. ಈ ಗ್ರಂಥದ ಪುಟಗಳನ್ನು ಒಬ್ಬ ಅಧ್ಯಾಪಕರು ತಮ್ಮ ಯಂತ್ರದಲ್ಲಿ ಓದಿಸಿ ಪಾಠವನ್ನು ಪಡೆಯಬೇಕೆಂದಿದ್ದಾರೆ ಎಂದು ಭಾವಿಸೋಣ. ಗ್ರಂಥದ ಹೆಸರಿನಲ್ಲಿರುವ ‘ಸದ್ಧರ್ಮ’ ಎಂಬ ಒಂದು ಶಬ್ದವೇ ನಮ್ಮ ಪರೀಕ್ಷೆಗೆ ಸಾಕು. ಅದರಲ್ಲಿ ಒಂದು ಒತ್ತಕ್ಷರವಿದೆ, ಒಂದು ಅರ್ಕಾವತ್ತಿದೆ. ಕನ್ನಡ ಲಿಪಿಯು ರೋಮನ್ ಲಿಪಿಯಿಂದ ಬೇರೆಯಾಗುವ ಎರಡು ಮುಖ್ಯ ಸ್ಥಾನಗಳು ಅವೇ.

ಪುಟವನ್ನು ಓದುವ ಮುಕ್ತ ತಂತ್ರಾಂಶಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಟೆಸರಾಕ್ಟ್. ಇದು 1985ರಿಂದ 1994ರ ತನಕ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದು, 2005ರಲ್ಲಿ ಮುಕ್ತವಾಗಿ, ಮರುವರ್ಷದಿಂದ ಗೂಗಲ್ ಸಂಸ್ಥೆಯ ಪೋಷಣೆಯನ್ನು ಪಡೆಯಿತು. 2018ರಲ್ಲಿ ಹೊರಬಂದ 4ನೆಯ ಆವೃತ್ತಿಯಿಂದ ಇದು ನರಜಾಲದ ಮಾದರಿಯನ್ನು ಅನುಸರಿಸಿ ಇಡೀ ಸಾಲನ್ನು ಒಟ್ಟಾಗಿ ಓದುತ್ತದೆ. ಕನ್ನಡಕ್ಕೆ ಬೇಕಾದ ದತ್ತಕಡತವು ಇದಕ್ಕೆ ದೊರೆಯುತ್ತದೆ. ಇಂಟರ್‌ನೆಟ್ ಆರ್ಕೈವ್ ಎಂಬ ಸಂಗ್ರಹದವರು 2020ರಿಂದ ತಮ್ಮ ಪುಸ್ತಕಗಳನ್ನು ಓದಿಸಲು ಇದನ್ನೇ ಬಳಸತೊಡಗಿದರು. ಟೆಸರಾಕ್ಟ್ ಚಿತ್ರವನ್ನು ತಾನೇ ತೆರೆಯುವುದಿಲ್ಲ. ಅದಕ್ಕಾಗಿ ಡ್ಯಾನ್ ಬ್ಲೂಮ್‌ಬರ್ಗ್ ಅವರು ರಚಿಸಿದ ಲೆಪ್ಟೋನಿಕ ಎಂಬ ಲೈಬ್ರರಿಯನ್ನು ಆಶ್ರಯಿಸಿದೆ. ಇದು ಉಕ್ತವಾದ ಅವಲಂಬನೆ. ಲೆಪ್ಟೋನಿಕ ಇಲ್ಲದಿದ್ದರೆ ಕಂಪೈಲು ನಡೆಯದು, ಕಾರಣವೂ ತೆರೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ.

ತೊಡಕು ಒಂದು ಮೆಟ್ಟಿಲು ಕೆಳಗಿದೆ. ಲೆಪ್ಟೋನಿಕವೂ ಚಿತ್ರಗಳನ್ನು ತಾನಾಗಿ ಬಿಚ್ಚದು. ಪಿಎನ್‌ಜಿ ಚಿತ್ರಕ್ಕೆ ಒಂದು ಲೈಬ್ರರಿ, ಜೆಪೆಗ್‌ಗೆ ಒಂದು, ಟಿಫ್‌ಗೆ ಇನ್ನೊಂದು, ಜೆಪೆಗ್ 2000 ಎಂಬ ಬಗೆಗೆ ಓಪನ್‌ಜೆಪೆಗ್ ಎಂಬ ಮತ್ತೊಂದು. ಲೆಪ್ಟೋನಿಕದ ದೃಷ್ಟಿಯಲ್ಲಿ ಇವು ಯಾವುವೂ ಕಡ್ಡಾಯವಲ್ಲ. ಕಂಪೈಲು ಮಾಡುವ ಯಂತ್ರದಲ್ಲಿ ಇದ್ದರೆ ಸೇರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಸುಮ್ಮನೆ ಮುಂದುವರಿಯುತ್ತದೆ. ಹೆಸರು ಹಿಡಿದು ಕರೆದ ಕಾರ್ಯವು ಇಲ್ಲದಿದ್ದರೆ ಜೋಡಣೆಯು ಮುರಿದುಬೀಳಬೇಕಷ್ಟೆ ಎಂದು ವಾಚಕರು ಕೇಳಬಹುದು. ಮುರಿಯುವುದಿಲ್ಲ, ಏಕೆಂದರೆ ಲೆಪ್ಟೋನಿಕದ ಮೂಲಪಾಠದಲ್ಲಿ ಇಂಥ ಪ್ರತಿಯೊಂದು ಚಿತ್ರಜಾತಿಗೂ ಎರಡೆರಡು ಕಡತಗಳಿವೆ. ಒಂದು ನಿಜವಾದುದು, ಮತ್ತೊಂದು ಬದಲಿಗೆ ನಿಲ್ಲುವ ಬೆರ್ಚಪ್ಪ. ಬೆರ್ಚಪ್ಪನಲ್ಲಿಯೂ ಅದೇ ಹೆಸರಿನ ಕಾರ್ಯಗಳೇ ಇರುತ್ತವೆ; ಆದರೆ ಕರೆದಾಗ ‘ಈ ಕಾರ್ಯವು ಇಲ್ಲಿ ಇಲ್ಲ’ ಎಂದು ಹೇಳುವುದೊಂದೇ ಅವುಗಳ ಕೆಲಸ. ಆದುದರಿಂದ ಕಂಪೈಲೂ ಜೋಡಣೆಯೂ ನಿರ್ವಿಘ್ನವಾಗಿ ಮುಗಿಯುತ್ತವೆ, ಟೆಸರಾಕ್ಟ್ ತನ್ನ ಆವೃತ್ತಿಯ ಸಂಖ್ಯೆಯನ್ನು ಕೇಳಿದರೆ ಹೇಳುತ್ತದೆ. ಮೊದಲ ಪುಟವನ್ನು ಕೊಟ್ಟಾಗ ಮಾತ್ರ ಕೈಚೆಲ್ಲುತ್ತದೆ.

ಇದರಲ್ಲಿ ಕನ್ನಡದ ಕೆಲಸ ಮಾಡುವವರನ್ನು ವಿಶೇಷವಾಗಿ ತಟ್ಟುವುದು ಜೆಪೆಗ್ 2000. ಇಂಟರ್‌ನೆಟ್ ಆರ್ಕೈವಿನಲ್ಲಿ ಪುಸ್ತಕಗಳ ಪುಟಚಿತ್ರಗಳು ಈ ಬಗೆಯಲ್ಲಿಯೇ ಕೂಡಿಟ್ಟಿರುತ್ತವೆ. ಬೇರೆ ಬಗೆಯ ಚಿತ್ರಗಳಲ್ಲಿ ಪ್ರಯೋಗ ನೋಡಿ ತೃಪ್ತರಾದವರು, ಅಲ್ಲಿಂದ ಇಳಿಸಿಕೊಂಡ ಮೂಲಪುಟಗಳ ಎದುರಿಗೆ ಬಂದು ನಿಂತಾಗ ಓಪನ್‌ಜೆಪೆಗ್‌ನ ಹೆಸರನ್ನು ಮೊದಲ ಬಾರಿಗೆ ಕೇಳುತ್ತಾರೆ. ಪಿಡಿಎಫ್ ಕಡತವನ್ನೇ ಕೊಟ್ಟರಾಯಿತೆಂದರೆ ಅದೂ ಆಗದು, ಟೆಸರಾಕ್ಟ್ ಪಿಡಿಎಫ್ ಅನ್ನು ಬರೆಯಬಲ್ಲದು, ಓದಲಾರದು. ಅದನ್ನು ಚಿತ್ರವಾಗಿ ಒಡೆಯುವುದಕ್ಕೆ ಪಾಪ್ಲರ್ ಮುಂತಾದ ಬೇರೊಂದು ತಂತ್ರಾಂಶ ಬೇಕು.

ಇಷ್ಟರ ತನಕ ಹೇಳಿದ ದೋಷಗಳು ಹೇಗೂ ತಮ್ಮನ್ನು ತಾವು ಪ್ರಕಟಿಸಿಕೊಳ್ಳುತ್ತವೆ. ಕೆಲಸ ಕೆಟ್ಟಿತೆಂಬುದಾದರೂ ತಿಳಿಯುತ್ತದೆ. ಇನ್ನು ಕೆಟ್ಟುದೇ ತಿಳಿಯದಿರುವ ಜಾತಿಯ ದೋಷಕ್ಕೆ ಬರೋಣ.

ಟೆಸರಾಕ್ಟಿನ ಕನ್ನಡ ದತ್ತಕಡತವನ್ನು ತಯಾರಿಸಿದುದು ಹಳೆಯ ಅಚ್ಚಿನ ಪುಸ್ತಕಗಳಿಂದಲ್ಲ. ಮುಖ್ಯವಾಗಿ ಇಂದಿನ ಗಣಕಾಕ್ಷರಗಳಲ್ಲಿ ಯಂತ್ರವೇ ಬರೆದ ಸಾಲುಗಳಿಂದ. ಆದುದರಿಂದ 19ನೆಯ ಶತಮಾನದ ಮಂಗಳೂರಿನ ಅಚ್ಚುಮೊಳೆಗಳ ಆಕಾರವನ್ನು ಅದಕ್ಕೆ ಬೇರೆಯಾಗಿ ಕಲಿಸುವುದು ಲೇಸು. ಕಲಿಸುವ ಕ್ರಮವು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಂಥದೇ: ಸಾಲಿನ ಚಿತ್ರವನ್ನೂ ಅದರ ಸರಿಯಾದ ಪಾಠವನ್ನೂ ಜೊತೆಜೊತೆಯಾಗಿ ಸಾವಿರಗಟ್ಟಲೆಯಾಗಿ ತೋರಿಸುತ್ತ ಹೋಗುವುದು. ಇದಕ್ಕೆ ಟೆಸರಾಕ್ಟಿನೊಂದಿಗೆ ಬರುವ ಶಿಕ್ಷಣೋಪಕರಣಗಳು ಐಸಿಯು, ಪ್ಯಾಂಗೋ, ಕೈರೋ ಎಂಬ ಮೂರು ಲೈಬ್ರರಿಗಳನ್ನು ಬೇಡುತ್ತವೆ. ಅವು ಇಲ್ಲದಿದ್ದರೆ ಪೂರ್ವಸಿದ್ಧತೆಯ ಹಂತದಲ್ಲಿ ನೂರಾರು ಸಾಲುಗಳ ನಡುವೆ ‘ಶಿಕ್ಷಣೋಪಕರಣಗಳು ಸಿದ್ಧವಾಗವು’ ಎಂಬ ಒಂದು ಸಾಲು ಬಂದು ಹೋಗುತ್ತದೆ. ಉಳಿದ ಕೆಲಸ ಮುಂದುವರಿಯುತ್ತದೆ. ದತ್ತಕಡತದಲ್ಲಿಯೂ ಒಂದು ಭೇದವಿದೆ: ಶೀಘ್ರವಾಗಿ ಓದುವ ಬಗೆಯದು, ಉತ್ತಮವಾಗಿ ಓದುವ ಬಗೆಯದು ಎಂದು. ಡೆಬಿಯನ್ ಸಂಗ್ರಹದಿಂದ ದೊರೆಯುವುದು ಮೊದಲನೆಯದು. ಮುಂದಕ್ಕೆ ಕಲಿಸುವುದಕ್ಕೆ ತಳಹದಿಯಾಗುವುದು ಎರಡನೆಯದು ಮಾತ್ರ.

ಅಧ್ಯಾಪಕರು ಈ ಉಪಕರಣಗಳ ಗೊಡವೆಯನ್ನು ಬಿಟ್ಟು, ಪೈಥಾನ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲು ಬರೆದು ತಾವೇ ಪಾಠದ ಚಿತ್ರಗಳನ್ನು ತಯಾರಿಸಲು ಹೊರಟರೆನ್ನೋಣ. ಅನೇಕರು ಹಾಗೆ ಮಾಡುತ್ತಾರೆ. ಚಿತ್ರಕಾರ್ಯಕ್ಕೆ ಪೈಥಾನಿನಲ್ಲಿ ಪಿಲೋ ಎಂಬ ಲೈಬ್ರರಿಯು ಸರ್ವಪರಿಚಿತ. ಅದಕ್ಕೆ ಒಂದು ಕನ್ನಡ ಅಕ್ಷರಕಡತವನ್ನೂ ‘ಸದ್ಧರ್ಮ’ ಎಂಬ ಶಬ್ದವನ್ನೂ ಕೊಟ್ಟು ಚಿತ್ರ ಬರೆಯೆಂದರೆ, ಯಾವ ದೂರೂ ಇಲ್ಲದೆ ಬರೆದುಕೊಡುತ್ತದೆ. ಏನನ್ನು ಬರೆದುಕೊಡುತ್ತದೆ ಎಂಬುದು ಆ ಪಿಲೋ ಯಾವ ಲೈಬ್ರರಿಗಳ ಸನ್ನಿಧಿಯಲ್ಲಿ ಕಂಪೈಲಾಯಿತು ಎಂಬುದನ್ನು ಅವಲಂಬಿಸಿದೆ.

ಯೂನಿಕೋಡ್ ಸಂಕೇತದಲ್ಲಿ ಕನ್ನಡ ಶಬ್ದವು ಕಾಣುವ ರೂಪದಲ್ಲಿ ಅಲ್ಲ, ಉಚ್ಚಾರಣೆಯ ಕ್ರಮದಲ್ಲಿ ಇರುತ್ತದೆ. ‘ಸದ್ಧರ್ಮ’ ಎಂಬುದು ಕಣ್ಣಿಗೆ ಮೂರು ಅಕ್ಷರ. ಸಂಕೇತದಲ್ಲಿ ಏಳು: ಸ, ದ, ಹಲಂತಚಿಹ್ನೆ, ಧ, ರ, ಮತ್ತೆ ಹಲಂತಚಿಹ್ನೆ, ಮ. ಇವುಗಳಿಂದ ದಕಾರದ ಕೆಳಗೆ ಧಕಾರದ ಒತ್ತನ್ನು ಇಳಿಸಬೇಕು. ಮೊದಲು ಉಚ್ಚರಿಸುವ ರೇಫವನ್ನು ಮಕಾರದ ಬಲಕ್ಕೆ ಒಯ್ದು ಅರ್ಕಾವತ್ತಾಗಿ ನಿಲ್ಲಿಸಬೇಕು. ಅಕ್ಷರದ ಆಕಾರವನ್ನು ಬಿಡಿಸುವ ಫ್ರೀಟೈಪ್ ಎಂಬ ಲೈಬ್ರರಿಗೆ ಈ ವಿದ್ಯೆ ತಿಳಿಯದು. ಅದು ಮೊಳೆಯನ್ನು ಎರಕ ಹೊಯ್ಯುವವನಂತೆ, ಮೊಳೆ ಜೋಡಿಸುವವನಂತಲ್ಲ. ಜೋಡಿಸುವ ಕೆಲಸವು ಹಾರ್ಫ್‌ಬಝ್ ಎಂಬ ಲೈಬ್ರರಿಯದು. ಪಿಲೋ ಹಾರ್ಫ್‌ಬಝ್ ಅನ್ನು ನೇರವಾಗಿ ಕರೆಯುವುದಿಲ್ಲ. ನಡುವೆ ರಕ್ಮ್ ಎಂಬ ಮತ್ತೊಂದು ಲೈಬ್ರರಿಯಿದೆ. ರಕ್ಮ್ ಇಲ್ಲದಿದ್ದಲ್ಲಿ ಪಿಲೋ ತನ್ನ ‘ಮೂಲ ವಿನ್ಯಾಸ’ಕ್ಕೆ ಇಳಿಯುತ್ತದೆ, ಅಂದರೆ ಏಳು ಸಂಕೇತಗಳನ್ನು ಒಂದರ ಪಕ್ಕದಲ್ಲೊಂದಾಗಿ ಇಟ್ಟುಹೋಗುತ್ತದೆ. ಆಗ ಮೂಡುವುದು ‘ಸದ್ಧರ್ಮ’ ಅಲ್ಲ, ಸುಮಾರಾಗಿ ‘ಸದ್‌ಧರ್‌ಮ’ ಎಂಬಂಥ ಒಂದು ವಿಕಾರ. ರೋಮನ್ ಲಿಪಿಯ ಶಬ್ದವನ್ನು ಕೊಟ್ಟಿದ್ದರೆ ಎರಡು ವಿನ್ಯಾಸಗಳಿಗೂ ಕಣ್ಣಿಗೆ ಕಾಣುವ ಭೇದವು ಬಹುಶಃ ಇರುತ್ತಿರಲಿಲ್ಲ. ರೋಮನ್ ಲಿಪಿಯಲ್ಲಿಯೇ ಪರೀಕ್ಷೆ ಮಾಡಿ ಮುಗಿಸಿದ ಕರ್ತೃವಿಗೆ ರಕ್ಮ್ ಎಂಬುದೊಂದು ಅವಶ್ಯವಾದ ಅವಲಂಬನೆಯೆಂದು ತೋರುವುದಾದರೂ ಹೇಗೆ?

ಕಥೆ ಇಲ್ಲಿಗೆ ಮುಗಿಯಲಿಲ್ಲ. ರಕ್ಮ್ ಲೈಬ್ರರಿಗೆ ಹಾರ್ಫ್‌ಬಝ್ ಅಲ್ಲದೆ, ಅರಬ್ಬಿ ಹೀಬ್ರೂಗಳಂತೆ ಬಲದಿಂದ ಎಡಕ್ಕೆ ನಡೆಯುವ ಲಿಪಿಗಳ ದಿಕ್ಕನ್ನು ನಿರ್ಣಯಿಸುವ ಫ್ರೈಬಿಡಿ ಎಂಬ ಲೈಬ್ರರಿಯೂ ಸಾಮಾನ್ಯವಾಗಿ ಬೇಕು. 2021ರಲ್ಲಿ ಬಂದ ಪಿಲೋವಿನ 8.2.0ನೆಯ ಆವೃತ್ತಿಯಿಂದ, ಮೊದಲೇ ಕಂಪೈಲು ಮಾಡಿ ಹಂಚುವ ಪ್ರತಿಗಳಲ್ಲಿ ರಕ್ಮ್ ಒಳಗೊಂಡಿತು. ಆದರೆ ಫ್ರೈಬಿಡಿಯು ಒಳಗೊಳ್ಳಲಿಲ್ಲ. ತಂತ್ರಾಂಶವು ನಡೆಯುವ ಹೊತ್ತಿನಲ್ಲಿ ಯಂತ್ರದಲ್ಲಿ ಎಲ್ಲಿಯಾದರೂ ಫ್ರೈಬಿಡಿ ಸಿಕ್ಕಿತೇ ಎಂದು ಹುಡುಕಿ, ಸಿಗದಿದ್ದರೆ ರಕ್ಮ್ ಇಲ್ಲವೆಂದೇ ಭಾವಿಸುವಂತೆ ಅದನ್ನು ಕಟ್ಟಿದರು. ಫಲಿತಾರ್ಥವೇನೆಂದರೆ, ಎಡದಿಂದ ಬಲಕ್ಕೆ ನಡೆಯುವ, ದಿಕ್ಕಿನ ವಿಷಯದಲ್ಲಿ ಯಾವ ಸಂದೇಹವೂ ಇಲ್ಲದ ಕನ್ನಡದ ಒತ್ತಕ್ಷರವು ಅರಬ್ಬಿಯ ದಿಕ್ಕನ್ನು ನೋಡುವ ಲೈಬ್ರರಿಯ ಅಭಾವದಿಂದ ಒಡೆದುಹೋಗುತ್ತದೆ! ಪ್ರಮಾಣಶಾಸ್ತ್ರದವರು ಕಾರ್ಯಕಾರಣಸಂಬಂಧಕ್ಕೆ ಕೊಡುವ ಉದಾಹರಣೆಗಳಲ್ಲಿ ಇಷ್ಟು ದೂರಾನ್ವಯವಾದುದು ಅಪರೂಪ. (ಹಾರ್ಫ್‌ಬಝ್ ಎಂಬ ಹೆಸರು ಪಾರಸಿಯದು, ‘ತೆರೆದ ಅಕ್ಷರ’ ಎಂದು ಅರ್ಥ, ರಕ್ಮ್ ಎಂಬುದು ಅರಬ್ಬಿ, ಬರಹ ಅಥವಾ ಅಂಕಿ ಎಂದು. ಕನ್ನಡದ ಸಂಯುಕ್ತಾಕ್ಷರವು ತೆರೆಯ ಮೇಲೆ ಮೂಡುವುದು ಇವೆರಡರ ಕೈಯಿಂದ ಎಂಬುದನ್ನು ಭಾಷಾಸಂಪರ್ಕದ ಚರಿತ್ರೆ ಬರೆಯುವವರು ಗಮನಿಸಬಹುದು.)

ಪಿಲೋವಿನವರು ಈ ಸಂಗತಿಯನ್ನು ಬಚ್ಚಿಟ್ಟಿಲ್ಲ. ಅವರ ಸ್ಥಾಪನಾಪ್ರಕರಣದಲ್ಲಿ ಅದು ಲಿಖಿತವಾಗಿದೆ. ಅನುಕ್ತವಾಗುವುದು ಅದರ ಮೇಲಿನ ಮೆಟ್ಟಿಲಿನಲ್ಲಿ. ಪಿಲೋವನ್ನು ಬಳಸಿ ಒಂದು ತಂತ್ರಾಂಶವನ್ನು ಬರೆದವನು ತನ್ನ ಅವಲಂಬನೆಗಳ ಪಟ್ಟಿಯಲ್ಲಿ ‘ಪಿಲೋ’ ಎಂದಷ್ಟೇ ಬರೆಯುತ್ತಾನೆ. ಪೈಥಾನಿನ ಸ್ಥಾಪಕವು ಆ ಪಟ್ಟಿಯನ್ನು ಓದಿ ಪಿಲೋವನ್ನು ತಂದುಕೊಡುತ್ತದೆ. ಫ್ರೈಬಿಡಿಯು ಪೈಥಾನಿನ ಸರಕಲ್ಲವಾದುದರಿಂದ ತಂದುಕೊಡದು. ಕರ್ತೃವಿನ ಯಂತ್ರದಲ್ಲಿ ಅದು ಬೇರಾವುದೋ ತಂತ್ರಾಂಶದ ಜೊತೆಗೆ ಎಂದೋ ಬಂ‌ದು ಕುಳಿತಿರುತ್ತದೆ. ಹೀಗಿರಲಾಗಿ ‘ನನ್ನಲ್ಲಿ ಸರಿಯಾಗಿಯೇ ಇದೆ’ ಎಂದು ಅವನು ಹೇಳುವುದು ಸುಳ್ಳಲ್ಲ.

ಈಗ ನಮ್ಮ ಅಧ್ಯಾಪಕರ ಸ್ಥಿತಿಯನ್ನು ನೋಡಿ. ಅವರು ಹತ್ತು ಸಾವಿರ ಸಾಲುಗಳ ಚಿತ್ರಗಳನ್ನು ತಯಾರಿಸಿದ್ದಾರೆ. ಪ್ರತಿಯೊಂದು ಒತ್ತಕ್ಷರವೂ ಚಿತ್ರದಲ್ಲಿ ಒಡೆದಿದೆ, ಜೊತೆಯ ಪಾಠದಲ್ಲಿ ಸರಿಯಾಗಿದೆ. ಯಂತ್ರವು ಕೊಟ್ಟುದನ್ನು ಶ್ರದ್ಧೆಯಿಂದ ಕಲಿಯುತ್ತದೆ: ಹಲಂತಚಿಹ್ನೆಯ ಪಕ್ಕದಲ್ಲಿ ಪೂರ್ಣಧಕಾರವು ಬಂದರೆ ಅದು ‘ದ್ಧ’ ಎಂದು. ಕಲಿಕೆಯ ಕೊನೆಯಲ್ಲಿ ಅದೇ ಬಗೆಯ ಚಿತ್ರಗಳಿಂದ ಪರೀಕ್ಷಿಸಿದರೆ ಫಲವು ಉತ್ತಮವಾಗಿಯೇ ಕಾಣುತ್ತದೆ, ಏಕೆಂದರೆ ಪರೀಕ್ಷೆಯ ಚಿತ್ರಗಳೂ ಹಾಗೆಯೇ ಒಡೆದವು. ಆಮೇಲೆ 1899ರ ಪುಟವನ್ನು ಕೊಟ್ಟಾಗ ಒತ್ತಕ್ಷರವಿದ್ದಲ್ಲೆಲ್ಲ ಎಡವುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ವಿವರಣೆಯೇನು? ಕನ್ನಡ ಲಿಪಿಯು ಜಟಿಲವಾದುದು, ಯಂತ್ರಕ್ಕೆ ಒಗ್ಗದು, ಹಳೆಯ ಅಚ್ಚು ಮಸುಕಾಗಿದೆ ಎಂದು. ಲಿಪಿಯ ಮೇಲೆ ಹೊರಿಸಿದ ಈ ಆರೋಪಗಳಲ್ಲಿ ಎಷ್ಟು ಪಾಲು ನಿಜವಾಗಿ ಇಲ್ಲದ ಒಂದು ಲೈಬ್ರರಿಗೆ ಸಲ್ಲಬೇಕೆಂಬುದನ್ನು ವಿಚಾರಿಸದೆ ಅವುಗಳನ್ನು ಒಪ್ಪುವುದು ಯುಕ್ತವಲ್ಲವೆಂದು ನನಗೆ ತೋರುತ್ತದೆ.

ಇದೇ ರೋಗವು ಬೇರೆ ತಂತ್ರಾಂಶಗಳಲ್ಲಿಯೂ ಉಂಟು. ಚಿತ್ರಗಳನ್ನು ಆದೇಶದಿಂದ ತಿದ್ದುವ ಇಮೇಜ್‌ಮ್ಯಾಜಿಕ್ ಎಂಬುದರಲ್ಲಿಯೂ ರಕ್ಮ್ ಐಚ್ಛಿಕ. ಅದಿಲ್ಲದೆ ಕಂಪೈಲಾದ ಪ್ರತಿಯು ಕನ್ನಡವನ್ನು ಮೇಲೆ ಹೇಳಿದಂತೆಯೇ ಬರೆಯುತ್ತದೆ. ತನ್ನಲ್ಲಿ ಯಾವ ಯಾವ ಲೈಬ್ರರಿಗಳು ಸೇರಿವೆಯೆಂಬುದನ್ನು ಅದು ಆವೃತ್ತಿಸಂಖ್ಯೆಯ ಜೊತೆಯಲ್ಲಿಯೇ ತಿಳಿಸುವುದು ಮಾತ್ರ ಅನುಕರಣೀಯವಾದ ಪದ್ಧತಿ.

ಅವಲಂಬನೆಗಳು ಅನುಕ್ತವಾಗಿ ಉಳಿಯುವುದಕ್ಕೆ ಕರ್ತೃವಿನ ಅಲಕ್ಷ್ಯವೊಂದೇ ಕಾರಣವಲ್ಲ. ಕಂಪೈಲಿಗೆ ಮೊದಲು ‘ಕಾನ್ಫಿಗರ್’ ಎಂಬ ಪೂರ್ವಸಿದ್ಧತೆಯ ಕ್ರಮವು ಯಂತ್ರವನ್ನೆಲ್ಲ ಶೋಧಿಸಿ, ಯಾವ ಲೈಬ್ರರಿ ಸಿಕ್ಕಿದರೆ ಅದನ್ನು ಕೇಳದೆಯೇ ಸೇರಿಸಿಕೊಳ್ಳುತ್ತದೆ. ಜೆಂಟೂ ಎಂಬ ಸಂಗ್ರಹದವರು ಇಂಥವನ್ನು ಹಾಸ್ಯವಾಗಿ ‘ಆಟೋಮ್ಯಾಜಿಕ್’ ಅವಲಂಬನೆಗಳೆಂದು ಹೆಸರಿಸಿದ್ದಾರೆ; ಸ್ವಯಂಚಾಲನೆಗೆ ಇಂದ್ರಜಾಲವನ್ನು ಸೇರಿಸಿದ ಮಾತು. ವರ್ಷಗಟ್ಟಲೆ ಬಳಸಿದ ಯಂತ್ರದಲ್ಲಿ ನೂರಾರು ಲೈಬ್ರರಿಗಳು ಮೊದಲೇ ಇರುವುದರಿಂದ, ತನ್ನ ಕೃತಿಯು ಯಾವುದನ್ನು ಆಶ್ರಯಿಸಿದೆಯೆಂಬುದು ಕರ್ತೃವಿಗೇ ಕಾಣದು. ಇದಕ್ಕೆ ಪರಿಹಾರವಾಗಿ ಡೆಬಿಯನ್ ಸಂಗ್ರಹದವರು (ಆ ಸಂಗ್ರಹವು ಆರಂಭವಾದುದು 1993ರಲ್ಲಿ) ಒಂದು ಕಟ್ಟುನಿಟ್ಟಾದ ನಿಯಮವನ್ನು ಇಟ್ಟುಕೊಂಡಿದ್ದಾರೆ. ಪ್ರತಿಯೊಂದು ತಂತ್ರಾಂಶವನ್ನೂ ಅತ್ಯವಶ್ಯ ಸಾಧನಗಳ ಹೊರತು ಬೇರೇನೂ ಇಲ್ಲದ ಬರಿದಾದ ಪರಿಸರದಲ್ಲಿ, ಪಟ್ಟಿಯಲ್ಲಿ ಬರೆದ ಲೈಬ್ರರಿಗಳನ್ನಷ್ಟೇ ತಂದಿಟ್ಟು ಕಂಪೈಲು ಮಾಡಬೇಕು. ಪಟ್ಟಿಯಲ್ಲಿಲ್ಲದ ಕಡ್ಡಾಯ ಅವಲಂಬನೆ ಆಗ ಬಯಲಿಗೆ ಬೀಳುತ್ತದೆ. ಆದರೆ ಐಚ್ಛಿಕವಾದುದು ಆಗಲೂ ಬೀಳದು. ಬೆರ್ಚಪ್ಪನು ಬರಿದಾದ ಹೊಲದಲ್ಲಿಯೂ ನಿಲ್ಲುತ್ತಾನೆ. ನಡೆಯುವ ಹೊತ್ತಿಗೆ ಬೇಕಾಗುವ ಲೈಬ್ರರಿಗಳನ್ನು ಸಿದ್ಧಕಡತದ ಜೋಡಣೆಯಿಂದ ತಾನಾಗಿ ಎಣಿಸುವ ಉಪಕರಣವೂ ಅವರಲ್ಲಿದೆ. ಜೋಡಣೆಯಲ್ಲಿ ಗಂಟು ಬಿದ್ದವನ್ನು ಮಾತ್ರ ಅದು ಎಣಿಸಬಲ್ಲದು. ಫ್ರೈಬಿಡಿಯಂತೆ ನಡೆಯುವಾಗ ಹುಡುಕಿ ತೆರೆಯುವುದು ಅದರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಗ್ರಂಥಸಂಪ್ರದಾಯವು ಈ ವಿಷಯದಲ್ಲಿ ಹೆಚ್ಚು ಜಾಗರೂಕವಾಗಿತ್ತೆನ್ನಬೇಕು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಪೀಠಿಕೆಯಲ್ಲಿ ತನಗೆ ಲಕ್ಷ್ಯವಾದ ಕವಿಗಳನ್ನು ಹೆಸರಿಸಿದ್ದಾನೆ. ಅವರಲ್ಲಿ ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟ ಇವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಆದರೂ ದರ್ಪಣವು ಅವರನ್ನು ಆಶ್ರಯಿಸಿತ್ತೆಂಬುದು ತಿಳಿದಿದೆ, ಆದುದರಿಂದ ಯಾವ ಪ್ರಯೋಗಕ್ಕೆ ಆಧಾರ ಕಾಣದೋ ಅಲ್ಲಿ ನಷ್ಟವಾದ ಕೃತಿಯನ್ನು ಊಹಿಸಲು ಅವಕಾಶವಿದೆ. ಆ ವ್ಯಾಕರಣವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್, 1894ರ ತಮ್ಮ ನಿಘಂಟಿನಲ್ಲಿಯೂ ಆಕರಗ್ರಂಥಗಳ ಸಂಕೇತಾಕ್ಷರಗಳನ್ನು ಮೊದಲಿಗೇ ಪಟ್ಟಿಮಾಡಿಕೊಟ್ಟರು. ವೆಂಕಟರಾಯರ ಕಾದಂಬರಿಯ ಪ್ರಕಾಶಕರಾದ ಬಾಸೆಲ್ ಮಿಶನ್ನಿನವರೇ ಇವುಗಳನ್ನೂ ಹೊರತಂದವರು.

ಅಕ್ಷರ ಒಡೆಯುವುದಕ್ಕಿಂತ ಘೋರವಾದ ಪರಿಣಾಮವೂ ಅನುಕ್ತ ಅವಲಂಬನೆಯಿಂದ ಆಗಬಹುದೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ಕೃತಿಯ 5.6.0, 5.6.1 ಆವೃತ್ತಿಗಳಲ್ಲಿ ಯಾರೋ ಒಂದು ಕಳ್ಳಬಾಗಿಲನ್ನು ಹುದುಗಿಸಿರುವುದನ್ನು ಪ್ರಕಟಪಡಿಸಿದರು. ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನ ವಿಳಂಬವಾಗುತ್ತಿದ್ದುದೇ ಅವರಿಗೆ ದೊರೆತ ಸುಳಿವು. ಆ ಪ್ರವೇಶಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ ಕರ್ತೃಗಳು ಎಕ್ಸ್‌ಝಡ್ ಅನ್ನು ಆಶ್ರಯಿಸಿದವರೇ ಅಲ್ಲ. ಡೆಬಿಯನ್, ಫೆಡೋರಾ ಮೊದಲಾದ ಸಂಗ್ರಹದವರು ಅದಕ್ಕೆ ಸಿಸ್ಟಂಡಿಯ ಲೈಬ್ರರಿಯನ್ನು ಜೋಡಿಸಿದ್ದರು. ಆ ಲೈಬ್ರರಿಯು ಎಕ್ಸ್‌ಝಡ್‌ನ ಲೈಬ್ರರಿಯನ್ನು ಜೋಡಿಸಿಕೊಂಡಿತ್ತು. ಕಳ್ಳನು ಬಂದುದು ಈ ಹಿತ್ತಿಲ ದಾರಿಯಿಂದ. ಅದೇ ವರ್ಷ ಜೂನಿನಲ್ಲಿ ಹೊರಬಂದ ಸಿಸ್ಟಂಡಿಯ 256ನೆಯ ಆವೃತ್ತಿಯಲ್ಲಿ, ನಡೆಯುವಾಗ ತೆರೆಯುವ ಲೈಬ್ರರಿಗಳ ಹೆಸರನ್ನು ಸಿದ್ಧಕಡತದೊಳಗೇ ಒಂದು ಟಿಪ್ಪಣಿಯಾಗಿ ಬರೆದಿಡುವ ಪದ್ಧತಿಯನ್ನು ಆರಂಭಿಸಿದರು. ಇದು ನಮಗೆ ಸಂಬಂಧಿಸದ ದೂರದ ವಾರ್ತೆಯೆಂದು ಬಗೆಯಬಾರದು. ಡೆಬಿಯನ್‌ನಲ್ಲಿ ಟಿಫ್ ಚಿತ್ರದ ಲೈಬ್ರರಿಯೂ ಎಕ್ಸ್‌ಝಡ್‌ನ ಅದೇ ಲೈಬ್ರರಿಯನ್ನು ಆಶ್ರಯಿಸಿದೆ. ಟೆಸರಾಕ್ಟಿನಿಂದ ಲೆಪ್ಟೋನಿಕಕ್ಕೆ, ಅಲ್ಲಿಂದ ಟಿಫ್‌ಗೆ, ಅಲ್ಲಿಂದ ಅದಕ್ಕೆ. ‘ಇಂದಿರಾಬಾಯಿ’ಯ ಪುಟವನ್ನು ಓದಿಸುವವರ ಯಂತ್ರದಲ್ಲಿ ಅದು ಅವರಿಗರಿಯದಂತೆ ಇರುತ್ತದೆ.

ಹಾಗಾದರೆ ಕನ್ನಡದ ವಿದ್ವಾಂಸನು ಮಾಡಬೇಕಾದುದೇನು? ಲೈಬ್ರರಿಗಳ ವಂಶವೃಕ್ಷವನ್ನೆಲ್ಲ ಅವನು ಬಾಯಿಪಾಠ ಮಾಡಬೇಕಾಗಿಲ್ಲ. ಕೆಲಸದ ಆರಂಭದಲ್ಲಿ, ತಂತ್ರಾಂಶವು ‘ಸಿದ್ಧವಾಯಿತು’ ಎಂದುದನ್ನು ಪ್ರಮಾಣವಾಗಿ ಸ್ವೀಕರಿಸದೆ, ಕೆಲವು ಶಬ್ದಗಳನ್ನು ಕೊಟ್ಟು ಕಣ್ಣಾರೆ ನೋಡಬೇಕು. ‘ಸದ್ಧರ್ಮ’ ಒಂದು. ಮೂರು ವ್ಯಂಜನಗಳು ಸೇರಿದ ‘ಸ್ತ್ರೀ’ ಇನ್ನೊಂದು. ಕಾಣುವುದಕ್ಕೆ ಒಂದೇ ಅಕ್ಷರ, ಸಂಕೇತದಲ್ಲಿ ಆರು. ಅರ್ಕಾವತ್ತಿಲ್ಲದೆ ರಕಾರವನ್ನೇ ಮೇಲೆ ನಿಲ್ಲಿಸಿ ಒತ್ತು ಕೊಡುವ ‘ಧರ‍್ಮ’ ಎಂಬ ಬರವಣಿಗೆ ಮತ್ತೊಂದು. ಇದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕಸಂಕೇತವನ್ನು ರಕಾರದ ಮುಂದೆ ಇಡಬೇಕಾಗುವುದರಿಂದ, ಆ ಸಂಕೇತವನ್ನು ನುಂಗಿಬಿಡುವ ತಂತ್ರಾಂಶಗಳು ಇಲ್ಲಿ ಸಿಕ್ಕಿಬೀಳುತ್ತವೆ. ಬಳಿಕ, ಪಾಠವನ್ನು ಪ್ರಕಟಿಸುವಾಗ ಯಾವ ಪ್ರತಿಯಿಂದ ತೆಗೆದುದು ಎಂದು ಬರೆಯುವಂತೆಯೇ, ಯಾವ ತಂತ್ರಾಂಶದ ಯಾವ ಆವೃತ್ತಿ, ಯಾವ ದತ್ತಕಡತ, ರಕ್ಮ್ ಹಾರ್ಫ್‌ಬಝ್ ಐಸಿಯುಗಳ ಯಾವ ಆವೃತ್ತಿಗಳು ಎಂಬುದನ್ನು ಪೀಠಿಕೆಯಲ್ಲಿ ನಮೂದಿಸಬೇಕು.

ಆವೃತ್ತಿಯ ಸಂಖ್ಯೆಯನ್ನು ಬರೆಯುವುದು ಅತಿಶಯದ ಮಡಿವಂತಿಕೆಯೆಂದು ಕೆಲವರಿಗೆ ತೋರಬಹುದು. ಹಳಗನ್ನಡದ ಕೆಲಸದಲ್ಲಿ ಅದು ಹಾಗಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ ಅದರ ಅಕ್ಷರಮಾಲೆ ಅಂದೇ ಪೂರ್ಣವಾಗಲಿಲ್ಲ. ದೊರೆತವುಗಳಲ್ಲಿ ಪ್ರಮಾದಗಳೂ ಉಂಟು. ಹೞಗನ್ನಡದ ೞಕಾರಕ್ಕೆ ಅಲ್ಲಿ ಇಟ್ಟ ಅಧಿಕೃತನಾಮವು ‘ಕನ್ನಡ ಅಕ್ಷರ ಫ’ ಎಂಬ ಅರ್ಥದ್ದು. ತಪ್ಪೆಂದು ಅವರೇ ಒಪ್ಪಿದ್ದಾರೆ, ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅಡಿಟಿಪ್ಪಣಿಯಲ್ಲಿ ತಿದ್ದುಪಡಿಯನ್ನು ಇಟ್ಟುಕೊಂಡು ಹೆಸರು ಹಾಗೆಯೇ ನಿಂತಿದೆ. ಅಕ್ಷರಗಳನ್ನು ಹೆಸರಿನಿಂದ ಹುಡುಕುವ ತಂತ್ರಾಂಶಗಳು ಇಂದಿಗೂ ೞಕಾರವನ್ನು ಫಕಾರವೆಂದೇ ಪರಿಚಯಿಸುತ್ತವೆ. ಇನ್ನು ಹಳೆಯ ಬರಹಗಳಲ್ಲಿ ಬರುವ ನಕಾರಪೊಲ್ಲು ಎಂಬ ಸ್ವರರಹಿತ ನಕಾರದ ವಿಶಿಷ್ಟರೂಪವು ಯೂನಿಕೋಡಿಗೆ ಸೇರಿದುದು 2021ರ 14ನೆಯ ಆವೃತ್ತಿಯಲ್ಲಿ. ಐಸಿಯು ಲೈಬ್ರರಿಗೆ ಅದು ತಿಳಿದುದು ಅದೇ ವರ್ಷದ 70ನೆಯ ಆವೃತ್ತಿಯಿಂದ. ಅದಕ್ಕಿಂತ ಹಳೆಯ ಐಸಿಯು ಇರುವ ಯಂತ್ರದಲ್ಲಿ ಕಂಪೈಲಾದ ತಂತ್ರಾಂಶವು ಆ ಸಂಕೇತವನ್ನು ಅಕ್ಷರವೆಂದೇ ಬಗೆಯದು. ಪದಗಳನ್ನು ಬಿಡಿಸುವಾಗ ಅಲ್ಲಿಯೇ ಕತ್ತರಿಸಬಹುದು, ಅಕಾರಾದಿಯಲ್ಲಿ ಕೊನೆಗೆ ತಳ್ಳಬಹುದು. 2021ಕ್ಕೆ ಹಿಂದೆ ಸಿದ್ಧವಾದ ಯೂನಿಕೋಡ್ ಪಾಠಗಳಲ್ಲಿಯಾದರೋ ಈ ಅಕ್ಷರಕ್ಕೆ ಬೇರೆ ಸಂಕೇತವೇ ಇರಲಿಲ್ಲವಾಗಿ, ಅದು ಇದ್ದೆಡೆಗಳಲ್ಲಿ ಸಾಮಾನ್ಯ ನಕಾರಕ್ಕೆ ಹಲಂತಚಿಹ್ನೆ ಹಚ್ಚಿದ ರೂಪವನ್ನೋ ಅಂಥ ಬೇರಾವುದಾದರೂ ಬದಲಿಯನ್ನೋ ಬರೆದಿರಬೇಕು. ಮೂಲಪ್ರತಿಯನ್ನು ಮತ್ತೆ ನೋಡದೆ ಎರಡನ್ನೂ ಬೇರ್ಪಡಿಸುವ ಉಪಾಯವಿಲ್ಲ.